ಇಪ್ಪತ್ತೆಂಟು ಅಂಕದ ಇಂಗ್ಲಿಷು

ಶಿಕಾರಿಪುರ, ಸೊರಬ ಈ ಎರಡು ತಾಲ್ಲೂಕುಗಳಲ್ಲಿ ಅತಿ ಹೆಚ್ಚು ಜನ ಓದುವ ಇಂಗ್ಲಿಷ್ ಪುಸ್ತಕ ಯಾವುದು ಎಂದು ಯಾರಾದರೂ ಕೇಳಿದರೆ ನಾನು ತಡವರಿಸುವುದಿಲ್ಲ. ಅದು ಕಥೆಯಲ್ಲ, ಕಾದಂಬರಿಯಲ್ಲ, ನಿಘಂಟೂ ಅಲ್ಲ. ಪ್ರತಿ ವರ್ಷ ಡಿಸೆಂಬರಿನ ಹೊತ್ತಿಗೆ, ಗದ್ದೆ ಕೊಯ್ಲು ಮುಗಿದು ಅಡಿಕೆ ಕೆಲಸ ನಡೆಯುತ್ತಿರುವಾಗ, ಜೆರಾಕ್ಸ್ ಅಂಗಡಿಗಳಲ್ಲಿ ಹುಟ್ಟಿ, ಪರೀಕ್ಷೆಯ ಕೊನೆಯ ದಿನ ಶಾಲೆಯ ಹಿಂದಿನ ಬೇಲಿಯಲ್ಲಿ ಪ್ರಾಣ ಬಿಡುವ ಮೂವತ್ತು ನಲವತ್ತು ಪುಟದ ಒಂದು ಪುಸ್ತಿಕೆ ಅದು. ಎಡಗಡೆ ಎರಡು ಪಿನ್ನು, ಮೇಲೊಂದು ತೆಳು ಬಣ್ಣದ ರಟ್ಟು. ಹೆಸರು 'ಪಾಸಿಂಗ್ ಪ್ಯಾಕೇಜ್'. ಮನೆಯಲ್ಲಿ ಎಸ್.ಎಸ್.ಎಲ್.ಸಿ. ಓದುವ ಮಗುವಿದ್ದರೆ ನೀವು ಅದನ್ನು ಖಂಡಿತ ನೋಡಿರುತ್ತೀರಿ. ಹಾಸಿಗೆ ಮಡಿಸುವಾಗ ದಿಂಬಿನ ಕೆಳಗೆ ಸಿಕ್ಕಿರುತ್ತದೆ.

ಇಷ್ಟು ಓದುಗರಿರುವ ಪುಸ್ತಕಕ್ಕೆ ಒಂದು ವಿಮರ್ಶೆ ಬಂದದ್ದನ್ನು ನಾನು ಕಂಡಿಲ್ಲ. ನೂರು ಪ್ರತಿ ಖರ್ಚಾಗದ ಕವನ ಸಂಕಲನಕ್ಕೆ ನಾಲ್ಕು ವಿಮರ್ಶೆ ಬರುತ್ತವೆ. ಸಾವಿರಾರು ಮಕ್ಕಳು ನಿದ್ದೆಗೆಟ್ಟು ಓದುವ ಪುಸ್ತಕವನ್ನು ಮಾತ್ರ ಯಾರೂ ಪುಸ್ತಕವೆಂದೇ ಎಣಿಸುವುದಿಲ್ಲ. ಹತ್ತಿರ ಹತ್ತಿರ ಮೂವತ್ತು ವರ್ಷ, ಮೊದಲು ಸೊರಬದ ಕಡೆಯ ಒಂದು ಹಳ್ಳಿಯಲ್ಲಿ, ಆಮೇಲೆ ಶಿಕಾರಿಪುರದ ಕಡೆ, ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಹೇಳಿಕೊಟ್ಟವಳು ನಾನು. ಕಲಿತದ್ದು ಬಿ.ಎ., ಬಿ.ಎಡ್. ಅಷ್ಟೇ. ದೊಡ್ಡ ವಿಮರ್ಶಕಿಯಲ್ಲ. ಆದರೆ ಈ ಒಂದು ಪುಸ್ತಕವನ್ನು ನನ್ನಷ್ಟು ಸಲ ಓದಿದವರು ಕಡಿಮೆ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ.

ಇದಕ್ಕೆ ಕರ್ತೃ ಎಂದು ಒಬ್ಬರಿಲ್ಲ. ನಮ್ಮಂಥ ಶಿಕ್ಷಕರೇ ನಾಲ್ಕೈದು ಜನ ಕೂತು, ಹಳೆಯ ಪ್ರಶ್ನೆಪತ್ರಿಕೆಗಳನ್ನು ಹರವಿಕೊಂಡು ಕಟ್ಟುವುದು. ಒಂದು ಜಿಲ್ಲೆಯಲ್ಲಿ ಕಟ್ಟಿದ್ದು ವಾಟ್ಸಾಪಿನಲ್ಲಿ ಇನ್ನೊಂದು ಜಿಲ್ಲೆಗೆ ಹೋಗಿ, ಅಲ್ಲಿ ಮುಖಪುಟ ಬದಲಾಗಿ, ತಪ್ಪುಗಳು ಮಾತ್ರ ಹಾಗೇ ಉಳಿದು, ವರ್ಷ ತಿರುಗುವುದರೊಳಗೆ ಮತ್ತೆ ನಮ್ಮ ಬಾಗಿಲಿಗೇ ಬರುವುದುಂಟು. ಜನಪದ ಹಾಡುಗಳಿಗೆ ಕವಿಯ ಹೆಸರಿಲ್ಲದಂತೆ ಇದಕ್ಕೂ ಇಲ್ಲ. ಅಂಗಡಿಯಲ್ಲಿ ಸಿಗುವ ದಪ್ಪ ಗೈಡುಗಳು ಇದರ ಶ್ರೀಮಂತ ನೆಂಟರು. ಪೇಟೆಯ ತಾಯಂದಿರು ಅದನ್ನೂ ಕೊಳ್ಳುತ್ತಾರೆ, ಇದನ್ನೂ ಜೆರಾಕ್ಸ್ ಮಾಡಿಸುತ್ತಾರೆ. ಒಂದೇ ಉತ್ತರ ಎರಡು ಕಡೆ ಇದ್ದರೆ ಮನಸ್ಸಿಗೆ ಒಂದು ಧೈರ್ಯ.

ಪುಸ್ತಕ ಪಾಠಗಳ ಕ್ರಮದಲ್ಲಿ ನಡೆಯುವುದಿಲ್ಲ, ಅಂಕಗಳ ಕ್ರಮದಲ್ಲಿ ನಡೆಯುತ್ತದೆ. ಎಸ್.ಎಸ್.ಎಲ್.ಸಿ.ಗೆ ಒಟ್ಟು 625 ಅಂಕ. ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ನೂರು ನೂರು. ಕನ್ನಡ ಮಾಧ್ಯಮದ ನಮ್ಮ ಮಕ್ಕಳಿಗೆ ಇಂಗ್ಲಿಷ್ ದ್ವಿತೀಯ ಭಾಷೆ. ನೂರರಲ್ಲಿ 20 ಶಾಲೆಯಲ್ಲೇ ಸೇರುವ ಆಂತರಿಕ ಅಂಕ, ಮಿಕ್ಕ 80 ಲಿಖಿತ ಪರೀಕ್ಷೆಗೆ. ನೂರಕ್ಕೆ ಮೂವತ್ತೈದರ ಲೆಕ್ಕದಲ್ಲಿ ಎಂಬತ್ತಕ್ಕೆ ಇಪ್ಪತ್ತೆಂಟು. ಬಹಳ ವರ್ಷ ಈ ಇಪ್ಪತ್ತೆಂಟೇ ನಮ್ಮ ಮಕ್ಕಳ ಗಡಿಗಲ್ಲು. 2025ರಲ್ಲಿ ಸರ್ಕಾರ ಒಟ್ಟಾರೆ ಶೇಕಡ 33 ಬಂದರೆ ಸಾಕು ಎಂದು ಪ್ರಕಟಿಸಿ ಕಲ್ಲನ್ನು ತುಸು ಈಚೆಗೆ ಸರಿಸಿತು. ಆದರೂ ಜನರ ಬಾಯಲ್ಲಿ ಕೂತ ಸಂಖ್ಯೆ ಅಷ್ಟು ಸುಲಭಕ್ಕೆ ಏಳುವುದಿಲ್ಲ.

ಈ ಇಪ್ಪತ್ತೆಂಟನ್ನು ಹೊಂದಿಸುವ ಜಾಣತನ ನೋಡಬೇಕು. ಈಚಿನ ವರ್ಷಗಳ ಪತ್ರಿಕೆಗಳಲ್ಲಿ ಪತ್ರಲೇಖನಕ್ಕೆ 5, ಪ್ರಬಂಧಕ್ಕೆ 4, ಬಾಯಿಪಾಠದ ಪದ್ಯಕ್ಕೆ 4, ಓದದೇ ಇರುವ ಗದ್ಯಭಾಗ ಕೊಟ್ಟು ಅದರಲ್ಲೇ ಉತ್ತರ ಹುಡುಕುವುದಕ್ಕೆ 4, ಒಬ್ಬರ ಪರಿಚಯ ಬರೆಯುವುದಕ್ಕೆ 3, ಚಿತ್ರ ನೋಡಿ ವಿವರಿಸುವುದಕ್ಕೆ 3. ಒಟ್ಟು ಇಪ್ಪತ್ತಮೂರಾಯಿತು. ಉಳಿದ ಐದು ವ್ಯಾಕರಣದ ಮೂಲೆಯಲ್ಲಿ ಎಲ್ಲಾದರೂ ಸಿಕ್ಕೀತು. ಪಠ್ಯಪುಸ್ತಕದ ಗದ್ಯಪಾಠಗಳನ್ನು ಒಂದನ್ನೂ ಓದದೆ ದಡ ಸೇರಬಹುದು! ತಿಂಗಳ ಕೊನೆಗೆ ಡಬ್ಬಿಗಳನ್ನೆಲ್ಲ ತಡಕಿ, ಇದ್ದದ್ದರಲ್ಲೇ ಒಂದು ಸಾರು, ಒಂದು ಪಲ್ಯ ಹೊಂದಿಸುತ್ತೇವಲ್ಲ, ಅಂಥ ಜಾಣತನ ಇದು. ನಾನು ಗೇಲಿ ಮಾಡುತ್ತಿಲ್ಲ. ಓದುಗನ ಶಕ್ತಿ ಎಷ್ಟು, ಹೊತ್ತು ಎಷ್ಟು, ಹೆದರಿಕೆ ಎಷ್ಟು ಎಂದು ಇಷ್ಟು ಚೆನ್ನಾಗಿ ತಿಳಿದುಕೊಂಡ ಲೇಖಕರು ಸಾಹಿತ್ಯದಲ್ಲೂ ಅಪರೂಪ.

ಗೇಲಿ ಮಾಡಲಾಗದ್ದಕ್ಕೆ ಇನ್ನೊಂದು ಕಾರಣವಿದೆ. ಜನವರಿಯ ತಾಯಂದಿರ ಸಭೆಗೆ ಬಂದ ಒಬ್ಬಾಕೆ ಎಲ್ಲರೂ ಹೋಗುವವರೆಗೆ ಕಾದಿದ್ದು ನನ್ನ ಹತ್ತಿರ ಹೇಳಿದ ಮಾತು ಇದು. "ಮೇಡಂ, ಏನಾರ ಮಾಡಿ ಇಂಗ್ಲಿಷ್ ಒಂದು ಪಾಸ್ ಮಾಡ್ಸಿ. ಪಾಸಾದ್ರೆ ಇನ್ನೆರಡು ವರ್ಷ ಕಾಲೇಜು ಅಂತ ಹೇಳಿ ಅವ್ರಪ್ಪನ ಬಾಯಿ ಮುಚ್ಚಿಸ್ತೀನಿ. ಫೇಲಾದ್ರೆ ನನ್ ಕೈಲಿ ತಡಿಯಾಕಾಗಲ್ಲ." ಹುಡುಗಿಗೆ ಆಗ ಹದಿನಾರು ತುಂಬಿರಲಿಲ್ಲ. ಕಾನೂನಿನ ಹದಿನೆಂಟು ಬೇರೆ, ಮನೆಯ ಹದಿನೆಂಟು ಬೇರೆ ಎಂದು ನಿಮಗೂ ಗೊತ್ತು. ಆ ಎರಡು ವರ್ಷಗಳಿಗೆ ಸೇತುವೆ ಹಾಕುವುದು ಈ ಎರಡು ಪಿನ್ನಿನ ಪುಸ್ತಿಕೆ. ಫಲಿತಾಂಶದ ಏರಿಳಿತವನ್ನು ನಾವು ಪತ್ರಿಕೆಯಲ್ಲಿ ಸಂಖ್ಯೆಯಾಗಿ ಓದುತ್ತೇವೆ. 2023ರಲ್ಲಿ ನೂರಕ್ಕೆ 83.89 ಇದ್ದದ್ದು, ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಕಣ್ಣು ಬಂದ 2024ರಲ್ಲಿ 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಹೆಚ್ಚಿಸಿದ ಮೇಲೆ. ಆ ಇಳಿದ ಹತ್ತರಲ್ಲಿ ಎಷ್ಟು ಹುಡುಗಿಯರಿಗೆ ಮೇ ತಿಂಗಳಲ್ಲೇ ಗಂಡು ನೋಡಿದರು ಎಂಬುದನ್ನು ಯಾವ ಪತ್ರಿಕೆಯೂ ಅಚ್ಚು ಮಾಡುವುದಿಲ್ಲ. 2024ರಲ್ಲಿ ವರ್ಷಕ್ಕೆ ಮೂರು ಸಲ ಪರೀಕ್ಷೆ ಬರೆಯುವ ಅವಕಾಶ ಬಂದದ್ದು ಈ ದೃಷ್ಟಿಯಿಂದ ಒಳ್ಳೆಯದೇ. ತಾಯಿಗೆ ಹೇಳಲು ಇನ್ನೆರಡು ನೆವ ಸಿಕ್ಕವು.

ಆದ್ದರಿಂದ ಪ್ಯಾಕೇಜ್ ಬೇಡವೆಂದು ನಾನು ಹೇಳುತ್ತಿಲ್ಲ. ಆದರೆ ಪುಸ್ತಕವೆಂದ ಮೇಲೆ ಅದು ಓದುಗನಿಗೆ ಏನು ಕೊಡುತ್ತದೆ, ಅವನಿಂದ ಏನು ಕಿತ್ತುಕೊಳ್ಳುತ್ತದೆ ಎಂದು ಕೇಳಬೇಕಲ್ಲ.

ಪುಸ್ತಕದ ನಾಯಕಿಯಿಂದ ಶುರು ಮಾಡುತ್ತೇನೆ. ಹೆಸರು ರಶ್ಮಿ. ಹುಡುಗನಾದರೆ ರಾಕೇಶ. ಯಾವುದೋ ಊರಿನ ಸರ್ಕಾರಿ ಪ್ರೌಢಶಾಲೆಯ ಹತ್ತನೆಯ ತರಗತಿ. "ನೀವು ರಶ್ಮಿ ಎಂದು ಭಾವಿಸಿಕೊಂಡು ನಿಮ್ಮ ತಂದೆಗೆ ಶೈಕ್ಷಣಿಕ ಪ್ರವಾಸದ ಅನುಮತಿ ಕೇಳಿ ಪತ್ರ ಬರೆಯಿರಿ." ಈ ರಶ್ಮಿಗೆ ವಯಸ್ಸಾಗುವುದಿಲ್ಲ. ಅವಳ ತಂದೆ ಯಾವಾಗಲೂ ಬೇರೆ ಊರಲ್ಲಿರುತ್ತಾನೆ, ಯಾವಾಗಲೂ ಇಂಗ್ಲಿಷ್ ಓದಬಲ್ಲ, ಹಣ ಕೇಳಿದರೆ ಬೈಯುವುದಿಲ್ಲ. ಎಲ್ಲರೂ ಅಲ್ಲಿ ಕ್ಷೇಮ, ಇಲ್ಲಿಯೂ ಕ್ಷೇಮ. ಆನವಟ್ಟಿ ಕಡೆಯ ಜೋಳದ ಹೊಲದಿಂದ ಸಂಜೆ ಮನೆಗೆ ಬರುವ ಅಪ್ಪನ ಮುಂದೆ ನೂರು ರೂಪಾಯಿ ಕೇಳಲು ಮೂರು ದಿನ ಧೈರ್ಯ ತುಂಬಿಕೊಳ್ಳುವ ಹುಡುಗಿ, ಈ ರಶ್ಮಿಯಾಗಿ ಕೂತು ಐದು ಅಂಕದ ಪತ್ರ ಬರೆಯುತ್ತಾಳೆ. ಒಮ್ಮೆ ಬಸ್ ಡಿಪೋದ ಅಧಿಕಾರಿಗೆ ಪತ್ರ ಬರೆಯುವ ಅಭ್ಯಾಸ ಮಾಡಿಸುತ್ತಿದ್ದೆ. ಬೆಳಗಿನ ಬಸ್ಸು ಸರಿಯಾಗಿ ಬರುವುದಿಲ್ಲವೆಂಬ ದೂರು. ನಮ್ಮ ಮಕ್ಕಳಿಗೆ ಇದಕ್ಕಿಂತ ನಿಜವಾದ ವಿಷಯವಿಲ್ಲ. ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ, "ಮೇಡಂ, ಅವ್ರಿಗೆ ಕನ್ನಡ ಬರುತ್ತಲ್ಲ?" ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಆದರೆ ಇಡೀ ಅಭ್ಯಾಸದ ಬುಡಕ್ಕೇ ಕೊಡಲಿ ಹಾಕುವ ಪ್ರಶ್ನೆ ಅದು. ಯಾರಿಗೂ ಹೇಳಬೇಕಾಗಿಲ್ಲದ್ದನ್ನು, ಯಾರೂ ಕೇಳದ ಭಾಷೆಯಲ್ಲಿ, ತಾನಲ್ಲದವಳ ಹೆಸರಿನಲ್ಲಿ ಬರೆಯುವುದಕ್ಕೆ ಪತ್ರ ಎನ್ನುತ್ತಾರೆಯೆ?

ಇದು ನಮ್ಮ ಪಾಡು ಮಾತ್ರ ಎಂದುಕೊಂಡಿದ್ದೆ. ಆಮೇಲೆ ಚೀನಾದ ಮಕ್ಕಳ ಬಗ್ಗೆ ಓದಿದೆ. ಅಲ್ಲಿ ಹೈಸ್ಕೂಲು ಮುಗಿಸಿದವರು ಪ್ರತಿ ಜೂನ್ ತಿಂಗಳಲ್ಲಿ 'ಗಾವೊಕಾವೊ' ಎಂಬ ಪರೀಕ್ಷೆ ಬರೆಯುತ್ತಾರೆ. ಮಾವೋ ಕಾಲದ ಗಲಾಟೆಯಲ್ಲಿ ನಿಂತುಹೋಗಿದ್ದು 1977ರಲ್ಲಿ ಮತ್ತೆ ಆರಂಭವಾಯಿತು. ಈಚಿನ ವರ್ಷಗಳಲ್ಲಿ ಕೂರುವವರು ಒಂದು ಕೋಟಿಗೂ ಹೆಚ್ಚು. ನಮ್ಮ ಎಸ್.ಎಸ್.ಎಲ್.ಸಿ.ಯ ಎಂಟು ಲಕ್ಷವೇ ನಮಗೆ ಜಾತ್ರೆಯಾಗಿ ಕಾಣುತ್ತದೆ! ಅಲ್ಲಿ ಚೀನೀ ಭಾಷೆಗೆ 150, ಗಣಿತಕ್ಕೆ 150, ಇಂಗ್ಲಿಷಿಗೂ 150. ಆ ಇಂಗ್ಲಿಷ್ ಪತ್ರಿಕೆಯಲ್ಲಿ 1990ರ ದಶಕದಿಂದಲೂ ಒಬ್ಬ ವಿದ್ಯಾರ್ಥಿ ಬರುತ್ತಿದ್ದಾನೆ. ಹೆಸರು ಲೀ ಹ್ವಾ. "ನೀವು ಲೀ ಹ್ವಾ ಎಂದು ಭಾವಿಸಿಕೊಂಡು ನಿಮ್ಮ ವಿದೇಶಿ ಗೆಳೆಯನಿಗೆ ಪತ್ರ ಬರೆಯಿರಿ." ಕಾಗದ ಕತ್ತರಿಸುವ ಕಲೆಯ ಪ್ರದರ್ಶನಕ್ಕೆ ಬಾ, ನಮ್ಮ ಹಬ್ಬಕ್ಕೆ ಬಾ ಎಂದು ಅವನು ಕರೆಯುತ್ತಲೇ ಇದ್ದಾನೆ. ಒಂದು ತಲೆಮಾರಿನ ಚೀನೀಯರು ಅವನ ಹೆಸರು ಕೇಳಿದರೆ ನಗುತ್ತಾರಂತೆ. ಅಕ್ಷರ ಅಚ್ಚು ಹೊಡೆದಂತೆ ಕಾಣಬೇಕೆಂದು ಇಂಗ್ಲಿಷ್ ಕೈಬರಹಕ್ಕೇ ಅಲ್ಲಿ ಬೇರೆ ತಾಲೀಮು ಉಂಟು. ನಮ್ಮ ರಶ್ಮಿಯೂ ಆ ಲೀ ಹ್ವಾನೂ ಒಂದು ದಿನ ಭೇಟಿಯಾದರೆ ಏನು ಮಾತಾಡಿಕೊಳ್ಳಬಹುದು? "ಇಲ್ಲಿ ಎಲ್ಲರೂ ಕ್ಷೇಮ" ಎಂದು ಒಬ್ಬಳು, "ಪ್ರದರ್ಶನಕ್ಕೆ ಬಾ" ಎಂದು ಇನ್ನೊಬ್ಬ. ಅಲ್ಲಿಗೆ ಮಾತು ಮುಗಿಯಿತು.

ಆದರೆ ಒಂದು ವ್ಯತ್ಯಾಸ ಹೇಳಲೇಬೇಕು. ಅವರ 150ರಲ್ಲಿ ಹೆಚ್ಚಿನ ಕಡೆ 30 ಅಂಕ ಕಿವಿಗೆ ಮೀಸಲು. ಧ್ವನಿಮುದ್ರಿಕೆಯಲ್ಲಿ ಇಬ್ಬರು ಮಾತಾಡುವುದನ್ನು ಕೇಳಿ ಉತ್ತರ ಗುರುತಿಸಬೇಕು. ಪರೀಕ್ಷೆಗಾಗಿಯೇ ಇರಲಿ, ಆ ಮಕ್ಕಳು ವರ್ಷಗಟ್ಟಲೆ ಇಂಗ್ಲಿಷನ್ನು ಕೇಳುತ್ತಾರೆ. ನಮ್ಮ ಎಂಬತ್ತು ಅಂಕದಲ್ಲಿ ಕಿವಿಗೂ ಬಾಯಿಗೂ ಒಂದೂ ಇಲ್ಲ. ಆದರೂ ಒಂದು ಪದದಲ್ಲಿ ಎಷ್ಟು ಸಿಲೆಬಲ್, ಅಂದರೆ ಎಷ್ಟು ಉಚ್ಚಾರಾಂಶ, ಎಂದು ಕೇಳುತ್ತಾರೆ! ಒಂದೇ ರೀತಿ ಕೇಳಿಸುವ ಬೇರೆ ಪದ ಬರೆಯಿರಿ ಎನ್ನುತ್ತಾರೆ. ಕೇಳಿಯೇ ಇಲ್ಲದ ಪದಕ್ಕೆ ಒಂದೇ ರೀತಿ ಕೇಳಿಸುವುದು ಯಾವುದು? ಪ್ಯಾಕೇಜಿನಲ್ಲಿ ಇದಕ್ಕೂ ಪರಿಹಾರವಿದೆ, ಎರಡು ಸಿಲೆಬಲ್ಲಿನ ಪದಗಳ ಪಟ್ಟಿ. ಅದನ್ನು ಉರು ಹೊಡೆಯುವುದು. ಹಾಡು ಕೇಳದವನಿಗೆ ರಾಗಗಳ ಪಟ್ಟಿ ಕೊಟ್ಟ ಹಾಗೆ.

ಇಲ್ಲಿ ಮಕ್ಕಳು ತಾವೇ ಕಂಡುಕೊಂಡ ಒಂದು ಉಪಾಯದ ಬಗ್ಗೆ ಹೇಳಬೇಕು. ಪುಸ್ತಿಕೆಯ ಇಂಗ್ಲಿಷ್ ಸಾಲುಗಳ ಮೇಲೆ ಸೀಸದಕಡ್ಡಿಯಲ್ಲಿ ಕನ್ನಡ ಅಕ್ಷರಗಳನ್ನು ಬರೆದುಕೊಂಡಿರುತ್ತಾರೆ. 'ಸ್ವಾಮಿ ಕಾಟ್ ದ ಬರ್ಗ್ಲರ್.' ತಪಾಸಣೆಗೆ ಬಂದವರು ಇದನ್ನು ಕಂಡರೆ ಸಿಡಿಮಿಡಿಗೊಳ್ಳುತ್ತಾರೆ, "ಏನ್ರೀ ಮೇಡಂ, ಹತ್ತನೇ ಕ್ಲಾಸಿಗೆ ಬಂದು ಇನ್ನೂ ಕನ್ನಡದಲ್ಲಿ ಬರ್ಕೊಳ್ತಾರೆ?" ನನಗೇನೋ ಇದು ಕಳ್ಳದಾರಿ ಅನ್ನಿಸಿಲ್ಲ, ಕಾಲುದಾರಿ ಅನ್ನಿಸಿದೆ. ಇಡೀ ಪುಸ್ತಿಕೆಯಲ್ಲಿ ಮಗು ಇಂಗ್ಲಿಷನ್ನು ಕಿವಿಗೆ ಹತ್ತಿರ ತಂದುಕೊಂಡ ಜಾಗ ಇದೊಂದೇ. ಆ ಸೀಸದಕಡ್ಡಿಯ ಗೆರೆಗಳಲ್ಲಿ ತಪ್ಪು ಉಚ್ಚಾರಣೆ ಇರುತ್ತದೆ, ಆದರೆ ಉಚ್ಚಾರಣೆ ಇರುತ್ತದೆ.

ಬಾಯಿಪಾಠವನ್ನು ಹೀಯಾಳಿಸುವುದು ಈಗ ಒಂದು ಫ್ಯಾಶನ್ನು. ನಾನು ಆ ಗುಂಪಿಗೆ ಸೇರಿದವಳಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಕೋಡಿಯ ಮಠದಲ್ಲಿ ಏನೇನು ಓದಿಸುತ್ತಿದ್ದರು ಎಂದು 1162ರ ಶಾಸನ ಪಟ್ಟಿ ಕೊಡುತ್ತದೆ. ವೇದ, ಪಾಣಿನಿಯ ವ್ಯಾಕರಣ, ಶಾಕಟಾಯನನ ವ್ಯಾಕರಣ. ಜೊತೆಗೆ ಹಸಿದವರಿಗೆ ಅನ್ನ, ರೋಗಿಗಳಿಗೆ ಔಷಧಿ. ಅದೆಲ್ಲ ಬಾಯಿಪಾಠದ ವಿದ್ಯೆಯೇ. ಉಡುತಡಿಯ ಕಡೆ ಅಕ್ಷರ ಬಾರದ ಮುದುಕಿಯರು ಅಕ್ಕಮಹಾದೇವಿಯ ವಚನವನ್ನು ಇಂದಿಗೂ ಹೇಳುತ್ತಾರೆ. ಅರ್ಥವೇನಜ್ಜಿ ಎಂದು ಕೇಳಿ ನೋಡಿ, ತಮ್ಮ ಸೊಸೆ, ತಮ್ಮ ದನ, ತಮ್ಮ ಮಂಡಿನೋವು ಎಲ್ಲ ಸೇರಿಸಿ ಬಿಡಿಸಿ ಹೇಳುತ್ತಾರೆ. ಕಲಿತದ್ದು ಅವರ ಬಾಯಿಗೆ ಬಂದಿದೆ, ಅಲ್ಲಿಂದ ಬದುಕಿಗೆ ಇಳಿದಿದೆ. ಪ್ಯಾಕೇಜಿನ ಬಾಯಿಪಾಠ ಕೈಗೆ ಮಾತ್ರ ಬರುತ್ತದೆ. ಕಣ್ಣಿನಿಂದ ಕೈಗೆ, ಕೈಯಿಂದ ಉತ್ತರಪತ್ರಿಕೆಗೆ. ಬಾಯಿಪಾಠವೆಂಬ ಹೆಸರೇ ಅದಕ್ಕೆ ಸಲ್ಲದು.

ಇದಕ್ಕಿಂತ ನನಗೆ ಸಂಕಟವಾಗುವುದು ಪಠ್ಯಪುಸ್ತಕಕ್ಕೆ ಆಗುವ ಗತಿ ನೋಡಿ. ನಾನು ಹಲವು ವರ್ಷ ಪಾಠ ಮಾಡಿದ ಹತ್ತನೆಯ ತರಗತಿಯ ಇಂಗ್ಲಿಷ್ ಪುಸ್ತಕ ಕೆಟ್ಟದ್ದಲ್ಲ, ನಿಜವಾಗಿ ಒಳ್ಳೆಯದು. ಆರ್.ಕೆ. ನಾರಾಯಣ್ ಅವರ 'ಎ ಹೀರೋ' ಅದರಲ್ಲಿದೆ. ಒಬ್ಬನೇ ಮಲಗಲು ಹೆದರುವ ಸ್ವಾಮಿ ಅಪ್ಪನ ಹಟಕ್ಕೆ ಕತ್ತಲ ಕೋಣೆಯಲ್ಲಿ ಮಲಗಿ, ಹೆದರಿಕೆಯಲ್ಲೇ ಕಳ್ಳನ ಕಾಲು ಕಚ್ಚಿ ಹೀರೋ ಆಗುತ್ತಾನೆ. ಶಂಕರ್‌ನಾಗ್ ಈ ಸ್ವಾಮಿಯ ಕಥೆಗಳನ್ನು ದೂರದರ್ಶನಕ್ಕಾಗಿ ಚಿತ್ರಿಸಿದ್ದು ನಮ್ಮದೇ ಜಿಲ್ಲೆಯ ಆಗುಂಬೆಯಲ್ಲಿ. ಮಾಲ್ಗುಡಿಯ ರೈಲು ನಿಲ್ದಾಣವಾದದ್ದು ನಮ್ಮ ಅರಸಾಳು. ಮಕ್ಕಳಿಗೆ ಇದನ್ನು ಹೇಳಿದರೆ ಕಣ್ಣರಳಿಸುತ್ತಾರೆ, ಮರುಕ್ಷಣ, "ಮೇಡಂ, ಇದು ಇಂಪಾರ್ಟೆಂಟಾ?" ಎನ್ನುತ್ತಾರೆ. ಇಂಪಾರ್ಟೆಂಟ್ ಎಂದರೆ ಮುಖ್ಯ ಎಂದಲ್ಲ, ಪರೀಕ್ಷೆಗೆ ಬರುತ್ತದೆ ಎಂದು. ಪ್ಯಾಕೇಜ್ ನಮ್ಮ ಮಕ್ಕಳಿಗೆ ಕಲಿಸಿದ ಅತಿ ಗಟ್ಟಿಯಾದ ಇಂಗ್ಲಿಷ್ ಪದ ಅದು.

ವಿ.ಕೃ. ಗೋಕಾಕರ 'ದ ಸಾಂಗ್ ಆಫ್ ಇಂಡಿಯಾ' ಅದೇ ಪುಸ್ತಕದಲ್ಲಿದೆ. ಶಾಲೆಗಳಲ್ಲಿ ಕನ್ನಡಕ್ಕೆ ಪ್ರಥಮ ಸ್ಥಾನ ಎಂದು ವರದಿ ಕೊಟ್ಟು, ಅದಕ್ಕಾಗಿ 1982ರ ದೊಡ್ಡ ಚಳವಳಿಯೇ ನಡೆಯಿತಲ್ಲ, ಅದೇ ಗೋಕಾಕರು. ಅವರು ಇಂಗ್ಲಿಷ್ ಪ್ರಾಧ್ಯಾಪಕರು, ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾಗಿದ್ದವರು. ಎರಡು ಭಾಷೆ ಒಬ್ಬ ಮನುಷ್ಯನಲ್ಲಿ ಜಗಳವಾಡದೆ ಇರಬಹುದೆಂದು ತೋರಿಸಲು ಇದಕ್ಕಿಂತ ಒಳ್ಳೆಯ ಪಾಠ ಬೇಕೆ? ಪ್ಯಾಕೇಜಿನಲ್ಲಿ ಗೋಕಾಕರು ಎರಡು ಅಂಕ.

ರಸ್ಕಿನ್ ಬಾಂಡರ ಮರ ಹತ್ತುವ ಅಜ್ಜಿಯ ಪದ್ಯವೂ ಇದೆ. ಅರವತ್ತೆರಡು ವರ್ಷವಾದರೂ ಮರ ಹತ್ತುವುದು ಬಿಡದೆ, ಇಳಿಯಲಾಗದೆ ಸಿಕ್ಕಿಬಿದ್ದು, ವೈದ್ಯರು ವಾರ ಮಲಗಿಸಿದರೆ, ಎದ್ದ ಮೇಲೆ ಮರದ ಮೇಲೇ ಒಂದು ಮನೆ ಕಟ್ಟಿಕೊಡು ಎಂದು ಮಗನಿಗೆ ಹೇಳುವ ಅಜ್ಜಿ. ಐವತ್ತು ದಾಟಿದ ನನಗೆ ಈ ಪದ್ಯ ಪಾಠ ಮಾಡುವಾಗ ಪ್ರತಿ ಸಲ ಒಳಗೇ ಒಂದು ಹುಮ್ಮಸ್ಸು. ಪೇರಲೆ ಮರ ಹತ್ತಿ ಬೈಸಿಕೊಂಡ ಹುಡುಗಿಯರೇ ಎದುರಿಗೆ ಕೂತಿರುತ್ತಾರೆ. ಅಜ್ಜಿ ಮರ ಹತ್ತಿದರೆ ಊರು ಏನನ್ನುತ್ತದೆ, ಹುಡುಗಿ ಎಷ್ಟನೇ ವಯಸ್ಸಿಗೆ ಹತ್ತುವುದು ಬಿಡಬೇಕಾಗುತ್ತದೆ, ಯಾರು ಬಿಡಿಸುತ್ತಾರೆ — ಒಂದು ಗಂಟೆ ಸಾಲದಷ್ಟು ಮಾತಿದೆ. ಪ್ಯಾಕೇಜಿನ ಪ್ರಶ್ನೆ, "ಅಜ್ಜಿ ಪ್ರತಿಭಾವಂತೆ ಎಂದು ಏಕೆ ಹೇಳಿದೆ?" ಉತ್ತರ, "ಅವಳು ಯಾವ ಮರವನ್ನಾದರೂ ಹತ್ತಬಲ್ಲವಳಾಗಿದ್ದಳು." ಸರಿಯೇ. ಆದರೆ ಪದ್ಯ ಎಲ್ಲಿ ಹೋಯಿತು?

ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ಹುವಾನ್ ಸೆಡಿಯೋ ಎಂಬುವರ 'ಜೆಂಟಲ್‌ಮನ್ ಆಫ್ ರಿಯೊ ಎನ್ ಮೆಡಿಯೊ'. ಅಮೆರಿಕದ ಒಂದು ಹಳ್ಳಿ. ದಾನ್ ಆನ್ಸೆಲ್ಮೊ ಎಂಬ ಬಡ ಮುದುಕ ತನ್ನ ಹಳೆಯ ಜಮೀನನ್ನು ಹೊರಗಿನವರಿಗೆ 1200 ಡಾಲರಿಗೆ ಮಾರಲು ಒಪ್ಪುತ್ತಾನೆ. ಅಳತೆ ಮಾಡಿಸಿದಾಗ ಜಮೀನು ಹೇಳಿದ್ದಕ್ಕಿಂತ ಬಹಳ ಹೆಚ್ಚಿದೆ. ಕೊಳ್ಳುವವರು ಹತ್ತಿರ ಹತ್ತಿರ ಎರಡರಷ್ಟು ಹಣ ಕೊಡಲು ಮುಂದಾಗುತ್ತಾರೆ. ಮುದುಕನಿಗೆ ಅವಮಾನವಾಗುತ್ತದೆ. ಆಡಿದ ಮಾತು ಆಡಿದ್ದೇ, ಹೆಚ್ಚಿಗೆ ಒಂದು ಕಾಸೂ ಬೇಡ ಎನ್ನುತ್ತಾನೆ. ಬಗರ್ ಹುಕುಂ ಅರ್ಜಿ, ಹಕ್ಕುಪತ್ರ, ಸರ್ವೆ, ಕಾನಿನ ಗಡಿ ಎಂಬ ಮಾತುಗಳನ್ನು ಕೇಳುತ್ತಲೇ ಬೆಳೆದ ಸೊರಬದ ಮಕ್ಕಳಿಗೆ ಈ ಕಥೆ ಯಾಕೆ ಹಿಡಿಸುತ್ತದೆ ಎಂದು ವಿವರಿಸಬೇಕಾಗಿಲ್ಲ.

ಮುದುಕ ಹೆಚ್ಚಿನ ಹಣ ಯಾಕೆ ನಿರಾಕರಿಸಿದ? ಪ್ಯಾಕೇಜಿನ ಉತ್ತರ ಎರಡು ಸಾಲು, ಅವನು ಒಪ್ಪಿದ ಬೆಲೆಗೆ ಬದ್ಧನಾಗಿದ್ದ, ತತ್ತ್ವನಿಷ್ಠನಾಗಿದ್ದ. ಒಂದು ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಇಪ್ಪತ್ತಾರು ಮಕ್ಕಳು ಇದನ್ನೇ ಅಕ್ಷರ ಬಿಡದೆ ಬರೆದಿದ್ದರು. ಒಬ್ಬ ಹುಡುಗ ಮಾತ್ರ ಬೇರೆ ಬರೆದಿದ್ದ. ಅವನ ಇಂಗ್ಲಿಷನ್ನು ಇದ್ದ ಹಾಗೇ ಕೊಡುತ್ತೇನೆ: "ಹಿ ಹ್ಯಾವ್ ಪೇಪರ್. ವಿ ನೋ ಪೇಪರ್. ಸೋ ಹಿ ಸೇ ನೋ ಮನಿ. ವಿ ನಾಟ್ ಸೇ." ಮುದುಕನ ಹತ್ತಿರ ಕಾಗದಪತ್ರ ಇತ್ತು, ಅದಕ್ಕೇ ಬೇಡವೆನ್ನುವ ದೊಡ್ಡತನ ಸಾಧ್ಯವಾಯಿತು. ಕಾಗದವಿಲ್ಲದ ನಮಗೆ ಸಾಧ್ಯವಿಲ್ಲ. ಮೂವತ್ತು ವರ್ಷದಲ್ಲಿ ನಾನು ನೋಡಿದ ಉತ್ತರಪತ್ರಿಕೆಗಳಲ್ಲಿ ಒಂದು ಕಥೆಯ ಬಗ್ಗೆ ಇಷ್ಟು ಯೋಚಿಸಿ ಬರೆದ ವಾಕ್ಯಗಳು ಬೆರಳೆಣಿಕೆಯಷ್ಟು. ಅದರಲ್ಲಿ ಒಂದು ವಾಕ್ಯವೂ ವ್ಯಾಕರಣಕ್ಕೆ ಸರಿಯಿಲ್ಲ. ಉತ್ತರಸೂಚಿಯ ಪ್ರಕಾರ ಸೊನ್ನೆ. ನಾನು ಮೂರಕ್ಕೆ ಎರಡು ಕೊಟ್ಟೆ. ಸಹೋದ್ಯೋಗಿಯೊಬ್ಬರು, "ಬೋರ್ಡ್ ಪರೀಕ್ಷೆಯಲ್ಲಿ ನೀವಿರ್ತೀರಾ ಮೇಡಂ ಕೊಡೋಕೆ?" ಎಂದರು. ಅವರ ಮಾತೂ ಸುಳ್ಳಲ್ಲ. ಹುಡುಗ ಮುಂದಿನ ಪರೀಕ್ಷೆಯಲ್ಲಿ ತತ್ತ್ವನಿಷ್ಠನಾಗಿದ್ದ ಎಂದೇ ಬರೆದ, ಪೂರ್ತಿ ಅಂಕ ಬಂತು. ಪುಸ್ತಕದ ಮೇಲೆ ನನ್ನ ಮುಖ್ಯ ಆಕ್ಷೇಪ ಇಲ್ಲಿದೆ. ಅದು ಮಕ್ಕಳಿಗೆ ಇಂಗ್ಲಿಷ್ ಕಲಿಸಲಿಲ್ಲ ಎಂಬುದು ಸಣ್ಣ ದೂರು. ಇಂಗ್ಲಿಷಿನಲ್ಲಿ ತನ್ನದೇ ಒಂದು ಮಾತು ಹೇಳಬಾರದು ಎಂದು ಕಲಿಸಿತು.

ಇಂಗ್ಲಿಷಿಗೆ ನಮ್ಮಲ್ಲಿ ಹೊತ್ತು ಸಾಲದು ಎಂಬ ನೆವವೂ ಈಗ ನಿಲ್ಲುವುದಿಲ್ಲ. ನಾವು ಓದುವಾಗ ಎ ಬಿ ಸಿ ಡಿ ಶುರುವಾಗುತ್ತಿದ್ದದ್ದು ಐದನೆಯ ತರಗತಿಯಲ್ಲಿ. 2007-08ರಿಂದ ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಬಂತು. 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳೂ ಆರಂಭವಾದವು. ಐದನೆಯಿಂದ ಕಲಿತ ಮಕ್ಕಳಿಗೆ ಬೇಕಾಗಿದ್ದ ಪ್ಯಾಕೇಜೇ ಒಂದನೆಯಿಂದ ಹತ್ತು ವರ್ಷ ಕಲಿತವರಿಗೂ ಬೇಕಾಗಿದೆ. ಈ ಮಾತನ್ನು ದೊಡ್ಡವರು ಸ್ವಲ್ಪ ನಿಧಾನವಾಗಿ ಯೋಚಿಸಬೇಕು. ಎರಡು ತಾಲ್ಲೂಕೂ ರಾಜ್ಯಕ್ಕೆ ಮುಖ್ಯಮಂತ್ರಿಗಳನ್ನು ಕೊಟ್ಟಿವೆ; 2023ರಲ್ಲಿ ಶಾಲಾ ಶಿಕ್ಷಣದ ಖಾತೆ ಸೊರಬದ ಶಾಸಕರಿಗೇ ಬಂತು. ಕೇಳುವವರಿಲ್ಲದ ಊರುಗಳು ಎಂದು ನಾವು ಹೇಳುವಂತಿಲ್ಲ. ಬೆಂಗಳೂರಿನಲ್ಲಿ 1963ರಿಂದ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಶಿಕ್ಷಕರಿಗೆ ತಿಂಗಳ ತರಬೇತಿ ಕೊಡುತ್ತ ಬಂದಿದೆ. ಅಲ್ಲಿ ಮಾತಾಡಿಸುತ್ತಾರೆ, ಹಾಡಿಸುತ್ತಾರೆ, ಕಥೆ ಕಟ್ಟಿಸುತ್ತಾರೆ. ಅಂಥ ತರಬೇತಿ ಮುಗಿಸಿ ಹುರುಪಿನಿಂದ ಶಾಲೆಗೆ ಮರಳಿದವರನ್ನು ಮೊದಲು ಎದುರುಗೊಳ್ಳುವ ಪ್ರಶ್ನೆ, "ಪ್ಯಾಕೇಜ್ ಎಲ್ಲಿಗೆ ಬಂತು?"

ಇದರ ನಿಜವಾದ ಬಿಲ್ಲು ಬರುವುದು ಜೂನ್ ತಿಂಗಳಲ್ಲಿ. ಇಂಗ್ಲಿಷಿನಲ್ಲಿ ಎಪ್ಪತ್ತು ತೆಗೆದ ಹುಡುಗಿ ನರ್ಸ್ ಆಗಬೇಕು, ಡಾಕ್ಟರ್ ಆಗಬೇಕು ಎಂದು ಪಿ.ಯು. ವಿಜ್ಞಾನಕ್ಕೆ ಸೇರುತ್ತಾಳೆ. ಅಲ್ಲಿ ಭೌತಶಾಸ್ತ್ರವೂ ಇಂಗ್ಲಿಷ್, ಜೀವಶಾಸ್ತ್ರವೂ ಇಂಗ್ಲಿಷ್. ಉಪನ್ಯಾಸಕರು ಹೇಳಿದ್ದು ಕಿವಿಗೆ ಬೀಳುತ್ತದೆ, ಒಳಗೆ ಇಳಿಯುವುದಿಲ್ಲ. ಎಪ್ಪತ್ತು ಬಂದವಳು ತಾನು ದಡ್ಡಿ ಎಂದುಕೊಳ್ಳುತ್ತಾಳೆಯೇ ಹೊರತು, ಆ ಎಪ್ಪತ್ತು ಯಾವುದರದ್ದು ಎಂದು ಅನುಮಾನಪಡುವುದಿಲ್ಲ. ಎರಡು ತಿಂಗಳಿಗೆ ಕಲಾ ವಿಭಾಗಕ್ಕೆ ಬದಲಾಯಿಸಿಕೊಳ್ಳುತ್ತಾಳೆ. ಕಲಾ ವಿಭಾಗ ಕೀಳೆಂದಲ್ಲ, ನಾನೇ ಬಿ.ಎ. ಆದರೆ ಆರಿಸಿಕೊಂಡು ಹೋಗುವುದು ಬೇರೆ, ಸೋತು ಹೋಗುವುದು ಬೇರೆ. ಬಸ್ ನಿಲ್ದಾಣದಲ್ಲಿ ಅಂಥ ಹಳೆಯ ವಿದ್ಯಾರ್ಥಿನಿಯರು ಸಿಕ್ಕರೆ, "ಸೈನ್ಸ್ ನಂಗೆ ಆಗ್ಲಿಲ್ಲ ಮೇಡಂ" ಎಂದು ತಲೆ ತಗ್ಗಿಸುತ್ತಾರೆ. ಅವರಿಗೆ ಆಗದೇ ಇದ್ದದ್ದು ಸೈನ್ಸ್ ಅಲ್ಲ.

ತಾಯಂದಿರು ಗೈಡ್ ಕೊಳ್ಳಬೇಡಿ, ಜೆರಾಕ್ಸ್ ಮಾಡಿಸಬೇಡಿ ಎಂದು ನಾನು ಹೇಳಲಾರೆ. ಹೇಳಿದರೂ ನೀವು ಕೇಳುವುದಿಲ್ಲ, ಕೇಳಲೂಬಾರದು. ನಾನು ಸಭೆಗಳಲ್ಲಿ ಹೇಳುವುದು ಇಷ್ಟೇ. ಸಂಜೆ ರೊಟ್ಟಿ ಬಡಿಯುವಾಗಲೋ ಸೊಪ್ಪು ಬಿಡಿಸುವಾಗಲೋ ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು, ಇವತ್ತಿನ ಇಂಗ್ಲಿಷ್ ಪಾಠದ ಕಥೆ ಹೇಳೇ ಎನ್ನಿ. ಕನ್ನಡದಲ್ಲೇ ಹೇಳಲಿ. ಆಮೇಲೆ ಅದರಲ್ಲಿ ಒಂದೇ ಒಂದು ವಾಕ್ಯವನ್ನು ಇಂಗ್ಲಿಷಿನಲ್ಲಿ, ಪುಸ್ತಕ ಮುಚ್ಚಿ, ತನ್ನ ಮಾತಿನಲ್ಲಿ, ಗಟ್ಟಿಯಾಗಿ. ತಪ್ಪಾದರೂ ಸರಿ. ನಿಮಗೆ ಇಂಗ್ಲಿಷ್ ಬರಬೇಕಾದ್ದಿಲ್ಲ. ಕಥೆ ಕೇಳಲು ಬಂದರೆ ಸಾಕು.

ಹೆಚ್ಚಿನವರು ತಲೆದೂಗಿ ಮನೆಗೆ ಹೋಗಿ ಮರೆಯುತ್ತಾರೆ. ಶಿರಾಳಕೊಪ್ಪದ ಒಬ್ಬ ತಾಯಿ ಮರೆಯಲಿಲ್ಲ. ಮರುವಾರ ಮಗಳ ಜೊತೆ ಸ್ಟಾಫ್ ರೂಮಿನ ಬಾಗಿಲಿಗೇ ಬಂದರು. ಮಗಳು ಆ ಜಮೀನು ಮಾರಿದ ಮುದುಕನ ಕಥೆ ಹೇಳಿದ್ದಾಳೆ. ಮನೆಗೆ ಬಂದ ಹೊಸ ಮಾಲೀಕರ ತೋಟದಲ್ಲಿ ಊರ ಮಕ್ಕಳೆಲ್ಲ ಬಂದು ಆಡುತ್ತಾರೆ, ಇವರು ದೂರು ಕೊಡುತ್ತಾರೆ, ಮುದುಕ ಹೇಳುತ್ತಾನೆ, ನಾನು ಮಾರಿದ್ದು ನೆಲ ಮಾತ್ರ, ಮರ ಮಾರಿಲ್ಲ, ಈ ಊರಲ್ಲಿ ಮಗು ಹುಟ್ಟಿದಾಗಲೆಲ್ಲ ಆ ಮಗುವಿಗೆಂದು ಒಂದೊಂದು ಮರ ನೆಟ್ಟಿದ್ದೇನೆ, ಅವು ಆ ಮಕ್ಕಳವು. ಅಲ್ಲಿಗೆ ಹುಡುಗಿ ನಿಲ್ಲಿಸಿದ್ದಾಳೆ. ಪ್ಯಾಕೇಜಿನಲ್ಲಿ ಮುಂದಿನದು ಇಲ್ಲ. "ಮರ ಏನಾದ್ವು ಮೇಡಂ? ಬಿಟ್ಕೊಟ್ರಾ, ಕಡಿದ್ರಾ?" ಎಂದು ತಾಯಿ ನನ್ನನ್ನು ಕೇಳಿದರು. ನಾನು ಪಠ್ಯಪುಸ್ತಕ ತೆಗೆದು ಹುಡುಗಿಯ ಕೈಗೇ ಕೊಟ್ಟೆ. ಅವಳು ಬಾಗಿಲಲ್ಲೇ ನಿಂತು, ಬೆರಳಿಟ್ಟು, ತುಟಿ ಅಲುಗಿಸುತ್ತ ಓದಿ, ತಾಯಿಗೆ ಕನ್ನಡದಲ್ಲಿ ಹೇಳಿದಳು, "ಒಂದೊಂದೇ ಮರಾನ ಒಬ್ಬೊಬ್ರ ಹತ್ರ ಕೊಂಡ್ಕೊಂಡ್ರಂತಮ್ಮ. ಚಳಿಗಾಲ ಪೂರ್ತಿ ಹಿಡೀತಂತೆ."